ಶಿಶುಗಳ ಬುದ್ಧಿಮಾಪನ: ಏರುಪೇರಾದ ಫಲಿತಾಂಶವನ್ನು ಓದುವ ಬಗೆ

ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆಯ ತಾಯಿತಂದೆಗಳು ಚುರುಕಾದ ಮಗುವಿನ ಬುದ್ಧಿಪರೀಕ್ಷೆಗೆಂದು ಸಾಮಾನ್ಯವಾಗಿ ಮೈಸೂರಿಗೋ ಬೆಂಗಳೂರಿಗೋ ಹೋಗುತ್ತಾರೆ. ಹಿಂದಿರುಗುವಾಗ ಕೈಯಲ್ಲಿ ಒಂದು ಹಾಳೆಯಿರುತ್ತದೆ. ನಾಲ್ಕು ವರ್ಷದ ಮಗು ಮಾತಿನ ಪ್ರಶ್ನೆಯೊಂದರಲ್ಲಿ ಏಳು ವರ್ಷದವರ ಮಟ್ಟವನ್ನು ಮುಟ್ಟಿ, ಐದು ವರ್ಷದವರ ಸುಲಭ ಪ್ರಶ್ನೆಯಲ್ಲಿ ಸೋತಿತೆಂದು ಅದರಲ್ಲಿ ಬರೆದಿದ್ದರೆ, ಇವೆರಡರಲ್ಲಿ ಯಾವುದು ದಿಟವೆಂಬ ಶಂಕೆ ಸಹಜವೇ. ನಾವು ಮನಶ್ಶಾಸ್ತ್ರಜ್ಞರಲ್ಲ. ಆದರೆ ಯಾವುದೇ ದಾಖಲೆ ಯಾರಿಂದ, ಯಾರಿಗಾಗಿ, ಯಾವ ಭಾಷೆಯಲ್ಲಿ ಹುಟ್ಟಿತೆಂದು ವಿಚಾರಿಸುವುದು ಇತಿಹಾಸದ ಅಧ್ಯಾಪಕರ ಕಸುಬು. ಆ ವಿಚಾರಣೆ ಈ ಹಾಳೆಗೂ ಸಲ್ಲುತ್ತದೆ.

ಪ್ಯಾರಿಸಿನ ಆಲ್ಫ್ರೆಡ್ ಬಿನೆ 1905ರಲ್ಲಿ ಸಿಮೋನನೊಡಗೂಡಿ ಮೊದಲ ಮಾಪನವನ್ನು ರಚಿಸಿದುದು ವಿಶೇಷ ಬೋಧನೆ ಬೇಕಾದ ಮಕ್ಕಳನ್ನು ಗುರುತಿಸುವುದಕ್ಕಾಗಿ. ಜಾಣಮಕ್ಕಳಿಗೆ ಶ್ರೇಣಿ ಕೊಡುವ ಉದ್ದೇಶ ಅದಕ್ಕಿರಲಿಲ್ಲ. ಮಾನಸಿಕ ವಯಸ್ಸನ್ನು ನಿಜವಯಸ್ಸಿನಿಂದ ಭಾಗಿಸುವ ಕ್ರಮವನ್ನು 1912ರಲ್ಲಿ ಸೂಚಿಸಿದವನು ಜರ್ಮನಿಯ ಸ್ಟರ್ನ್. ಐ.ಕ್ಯೂ. ಎಂದು ರೂಢಿಯಾಗಿರುವ ಬುದ್ಧಿಲಬ್ಧ ಹುಟ್ಟಿದುದು ಹೀಗೆ. ನಮ್ಮಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗ 1924ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ ಆರಂಭವಾಯಿತು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕರ್ನಾಟಕ ಭಾಗದಲ್ಲಿ ವಿ. ವಿ. ಕಾಮತರು ಬಿನೆಯ ಮಾಪನವನ್ನು ಕನ್ನಡ ಮರಾಠಿಗಳಿಗೆ ಹೊಂದಿಸಿ 1940ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. ಬಿನೆ-ಕಾಮತ್ ಪರೀಕ್ಷೆಯೆಂಬ ಹೆಸರು ಇಂದಿಗೂ ಬಳಕೆಯಲ್ಲಿದೆ.

ಈ ಪರೀಕ್ಷೆಯ ಲೆಕ್ಕವನ್ನು ತುಸು ನಿಧಾನವಾಗಿ ನೋಡಬೇಕು. ಎಳೆಯ ವಯಸ್ಸುಗಳಲ್ಲಿ ಪ್ರತಿಯೊಂದು ವರ್ಷಕ್ಕೂ ಆರು ಪ್ರಶ್ನೆಗಳು. ಒಂದೊಂದು ಗೆಲುವಿಗೂ ಎರಡು ತಿಂಗಳು. ನಿದರ್ಶನಕ್ಕಾಗಿ ಮದ್ದೂರಿನಲ್ಲೊಂದು, ಮಳವಳ್ಳಿಯಲ್ಲೊಂದು ಮಗುವನ್ನು ಕಲ್ಪಿಸಿಕೊಳ್ಳೋಣ. ಇಬ್ಬರ ವಯಸ್ಸೂ 4 ವರ್ಷ 4 ತಿಂಗಳು, ಎಂದರೆ 52 ತಿಂಗಳು. ಮದ್ದೂರಿನ ಮಗು ನಾಲ್ಕರ ಪ್ರಶ್ನೆಗಳನ್ನೆಲ್ಲ ಗೆದ್ದಿತು. ಐದರಲ್ಲಿ ನಾಲ್ಕನ್ನು, ಆರರಲ್ಲಿ ಮೂರನ್ನು, ಏಳರಲ್ಲಿ ಒಂದನ್ನು ಗೆದ್ದಿತು. 48ಕ್ಕೆ 8, 6, 2 ಸೇರಿ 64 ತಿಂಗಳು. ಮಳವಳ್ಳಿಯ ಮಗು ಐದರವರೆಗೆ ಎಲ್ಲವನ್ನೂ, ಆರರಲ್ಲಿ ಎರಡನ್ನು ಮಾತ್ರ ಗೆದ್ದಿತು. 60ಕ್ಕೆ 4 ಸೇರಿ ಅದೂ 64. ಇಬ್ಬರ ಬುದ್ಧಿಲಬ್ಧವೂ 123. ಒಂದು ಮಗುವಿನ ಏರುತಗ್ಗುಗಳೆಲ್ಲವೂ ಈ ಮೂರಂಕಿಯೊಳಗೆ ಅಳಿಸಿಹೋದುವು! ಶಾಸನದ ಸಾಲುಗಳನ್ನು ಬಿಟ್ಟು ಅದರ ತೇದಿಯನ್ನಷ್ಟೇ ನಕಲು ಮಾಡಿಕೊಂಡಂತಾಯಿತು.

ಏರುತಗ್ಗಿಗೆ ಕಾರಣಗಳೇನು? ಮೊದಲನೆಯದು ಪ್ರಶ್ನೆಗಳ ಸ್ವರೂಪ. ಬಿನೆಯ ಮಾಪನದಲ್ಲಿ ಐದು ವರ್ಷದವರು ಚೌಕವನ್ನು ನೋಡಿ ಬರೆಯಬೇಕು, ನಾಣ್ಯಗಳನ್ನು ಎಣಿಸಬೇಕು. ಅಜ್ಜಿಯೊಡನೆ ಅಳಿಗುಳಿಮಣೆಯಾಡಿದ ಮಗು ಎಣಿಕೆಯಲ್ಲಿ ಗೆದ್ದು, ಸೀಸದಕಡ್ಡಿ ಹಿಡಿದ ಅಭ್ಯಾಸವಿಲ್ಲದೆ ಚೌಕದಲ್ಲಿ ಸೋಲಬಹುದು. ಅಲ್ಲಿ ಸೋತದ್ದು ಬೆರಳು. ಎರಡನೆಯದು ಭಾಷೆ. ಧಾರವಾಡದ ಕಡೆಯ ಕನ್ನಡವೂ ಮಂಡ್ಯದ ಸೀಮೆಯ ಕನ್ನಡವೂ ಒಂದೇ ಅಲ್ಲವಷ್ಟೆ. ಹಾಲನ್ನು ‘ಆಲು’ ಎಂದ ಮಗುವಿನ ಉತ್ತರವನ್ನು ತಪ್ಪೆಂದು ಬರೆದುಕೊಳ್ಳುವ ಪರೀಕ್ಷಕರು ಅಳೆಯುತ್ತಿರುವುದು ಉಚ್ಚಾರಣೆಯನ್ನು. ಅಂಕಿಗಳನ್ನು ಕೇಳಿ ಮರಳಿ ಹೇಳುವ ಪ್ರಶ್ನೆಯಲ್ಲಿ ತೊಡಕು ಇನ್ನೂ ಸೂಕ್ಷ್ಮ. ವೇಲ್ಸಿನಲ್ಲಿ ಎಲಿಸ್ ಮತ್ತು ಹೆನೆಲಿ ಎಂಬವರು 1980ರಲ್ಲಿ ತೋರಿಸಿದಂತೆ, ಹೇಳಲು ಹೆಚ್ಚು ಹೊತ್ತು ಹಿಡಿಯುವ ಸಂಖ್ಯಾಪದಗಳು ನೆನಪಿನಲ್ಲಿ ಕಡಮೆ ನಿಲ್ಲುತ್ತವೆ. ನಮ್ಮ ಒಂದು, ಎರಡು, ಒಂಬತ್ತುಗಳೆಲ್ಲ ಎರಡು ಮೂರು ಅಕ್ಷರದವು. ಇಂಗ್ಲಿಷಿನವು ಬಹುಮಟ್ಟಿಗೆ ಒಂದೇ ಉಸಿರಿನವು. ಇಂಗ್ಲಿಷ್ ಮಕ್ಕಳ ಸರಾಸರಿಯಿಂದ ಕನ್ನಡದ ಮಗುವನ್ನು ತೂಗುವುದು ನ್ಯಾಯವಲ್ಲ.

ಇವಲ್ಲದೆ ನಸುಕಿನ ಬಸ್ಸು, ಹಸಿವು, ಅಪರಿಚಿತರ ಮುಂದಿನ ಸಂಕೋಚಗಳೂ ಉಂಟು. ಈ ವಯಸ್ಸಿನ ಫಲಿತಾಂಶಗಳು ಒಂದೆರಡು ವರ್ಷಗಳಲ್ಲಿ ಗಣನೀಯವಾಗಿ ಬದಲಾಗುವುದು ಸಾಮಾನ್ಯ. ಚುರುಕಾದ ಮಕ್ಕಳಲ್ಲಿ ವಿಭಾಗದಿಂದ ವಿಭಾಗಕ್ಕೆ ಅಂತರವಿರುವುದೂ ಅಪರೂಪವಲ್ಲ. ಅಷ್ಟರಿಂದಲೇ ದೋಷವನ್ನು ಊಹಿಸಲಾಗದು. ಆದರೆ ಸೋಲೆಲ್ಲ ಒಂದೇ ಬಗೆಯ ಪ್ರಶ್ನೆಗಳಲ್ಲಿ ಕೂಡಿಕೊಂಡಿದ್ದರೆ ಕಿವಿ, ಕಣ್ಣು, ಕೈಗಳನ್ನು ತಜ್ಞರಿಂದ ಪರೀಕ್ಷಿಸಿಸುವುದು ಅಗತ್ಯ. ಒಟ್ಟಂಕ ಚೆನ್ನಾಗಿದೆಯೆಂದು ಸುಮ್ಮನಾದರೆ ಮಂದವಾಗಿ ಕೇಳುವ ಕಿವಿಯೊಂದು ವರ್ಷಗಟ್ಟಲೆ ಯಾರ ಗಮನಕ್ಕೂ ಬಾರದೆ ಹೋದೀತು.

123 ಎಂಬ ಅಂಕೆಯನ್ನು ಹಿಡಿದು ಮಗುವನ್ನು ಒಂದು ತರಗತಿ ಮುಂದಕ್ಕೆ ಹತ್ತಿಸುವ ಆತುರ ನಮ್ಮ ಊರುಗಳಲ್ಲಿ ಉಂಟು. ಪ್ರವೇಶಕ್ಕಾಗಿ ಮಕ್ಕಳನ್ನು ಸೋಸುವ ಕ್ರಮವನ್ನು 2009ರ ಶಿಕ್ಷಣ ಹಕ್ಕು ಅಧಿನಿಯಮದ 13ನೆಯ ಪ್ರಕರಣ ನಿಷೇಧಿಸಿದೆ. ತರಗತಿ ಹತ್ತಿಸುವುದೇ ಆದರೆ, ಮದ್ದೂರಿನ ಮಗು ಅಲ್ಲಿ ಕಥೆ ಹೇಳುವುದರಲ್ಲಿ ಮುಂದಾಗಿ ದಿನವೆಲ್ಲ ಬರೆಯುವುದರಲ್ಲಿ ಹಿಂದಾದೀತು. ಮಳವಳ್ಳಿಯದಕ್ಕೆ ಅಷ್ಟು ಕಷ್ಟವಾಗದು. ಆದುದರಿಂದ ಸಲಹೆ ಕೇಳಿ ಬಂದವರಿಗೆ ನಾವು ಹೇಳುವುದಿಷ್ಟು: ಪ್ರಶ್ನೆವಾರು ವಿವರವನ್ನು ಪರೀಕ್ಷಕರಿಂದ ಕೇಳಿ ಪಡೆಯಿರಿ, ಯಾವ ಭಾಷೆಯಲ್ಲಿ ಕೇಳಿದರೆಂಬುದನ್ನು ಬರೆಸಿಕೊಳ್ಳಿರಿ, ವರ್ಷ ಕಳೆದ ಮೇಲೆ ಅದೇ ಹಾಳೆಯೊಡನೆ ಮತ್ತೊಮ್ಮೆ ಹೋಗಿರಿ.