ಮದುವೆಯ ಲೆಕ್ಕ ತಪ್ಪುವುದೆಲ್ಲಿ?

ಆಷಾಢ ಕಳೆದು ಶ್ರಾವಣ ಬಂದಿತೆಂದರೆ ತುಮಕೂರಿನ ಕಲ್ಯಾಣಮಂಟಪಗಳ ಮುಂದೆ ಬಾಳೆಯ ಕಂಬಗಳು ಏಳುತ್ತವೆ. ಗುಬ್ಬಿಯ ಕಡೆಯಿಂದ ಹೆಣ್ಣಿನವರು, ಕುಣಿಗಲಿನ ಕಡೆಯಿಂದ ಗಂಡಿನವರು, ಬಸ್ಸು ಗೊತ್ತುಮಾಡಿಕೊಂಡು ಬಂದಿಳಿಯುತ್ತಾರೆ. ಓಲಗದ ಸದ್ದು ಬೀದಿಯ ಕೊನೆಯವರೆಗೂ ಕೇಳಿಸುತ್ತದೆ. ಇಷ್ಟು ಸಂಭ್ರಮದ ನಡುವೆ ಮಂಟಪದ ಉಗ್ರಾಣದ ಪಕ್ಕದ ಕೋಣೆಯಲ್ಲಿ ಹೆಣ್ಣಿನ ತಂದೆ ಚೀಟಿಯೊಂದನ್ನು ಹಿಡಿದು ಮತ್ತೆ ಮತ್ತೆ ಕೂಡಿಸುತ್ತಿರುವುದನ್ನು ಮಾತ್ರ ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಆರು ತಿಂಗಳ ಹಿಂದೆ ಆತ ಹಾಕಿಕೊಂಡಿದ್ದ ಅಂದಾಜಿಗೂ ಚೀಟಿಯ ಕೆಳಗೆ ಮೂಡಿರುವ ಮೊತ್ತಕ್ಕೂ ಸಂಬಂಧವೇ ಇರುವುದಿಲ್ಲ.

ಏಕೆ ಹೀಗಾಯಿತೆಂದು ಕೇಳಿದರೆ ಬಹುಮಂದಿ ಚಿನ್ನದ ಕಡೆಗೆ ಬೆರಳು ತೋರಿಸುತ್ತಾರೆ; ಇಲ್ಲವೇ ರೇಷ್ಮೆಯ ಸೀರೆಯನ್ನು ದೂರುತ್ತಾರೆ. ಈ ದೂರು ಪೂರ್ತಿ ನ್ಯಾಯವಲ್ಲ. ಒಡವೆಗೂ ಸೀರೆಗೂ ಅಂಗಡಿಯಲ್ಲಿ ಬೆಲೆಯ ಚೀಟಿ ಇರುತ್ತದೆ. ಬೇಡವೆಂದು ಎದ್ದು ಬರುವ ಸ್ವಾತಂತ್ರ್ಯವೂ ಇರುತ್ತದೆ. ಕಣ್ಣಿಗೆ ಕಾಣದೆ ಬೆಳೆಯುವುದು ಎಲೆಯ ಲೆಕ್ಕ.

ಒಂದು ಉದಾಹರಣೆಯನ್ನು ನೋಡಬಹುದು. ಗುಬ್ಬಿಯ ಒಬ್ಬ ಗೃಹಸ್ಥರು ಇನ್ನೂರು ಆಹ್ವಾನಪತ್ರಿಕೆಗಳನ್ನು ಅಚ್ಚು ಹಾಕಿಸಲು ನಿಶ್ಚಯಿಸಿದರೆಂದಿಟ್ಟುಕೊಳ್ಳೋಣ. ಪತ್ರಿಕೆಯೊಂದಕ್ಕೆ ಮೂವರಂತೆ ಆರುನೂರು ಎಲೆ. ಅಚ್ಚುಕೂಟದಲ್ಲಿ ನಿಂತಿರುವಾಗ, “ಇನ್ನೊಂದು ಐವತ್ತು ಇರಲಿ, ಯಾರಾದರೂ ಬಿಟ್ಟುಹೋದಾರು” ಎಂಬ ಮಾತು ಬರುತ್ತದೆ. ಐವತ್ತು ಪತ್ರಿಕೆಗಳ ಅಚ್ಚಿನ ಖರ್ಚು ಸಾವಿರ ರೂಪಾಯಿಯನ್ನು ದಾಟಲಿಕ್ಕಿಲ್ಲ. ಆದರೆ ಅವುಗಳ ಹಿಂದೆ ನೂರೈವತ್ತು ಎಲೆಗಳಿವೆ. ಮಧ್ಯಾಹ್ನದ ಊಟಕ್ಕೆ ಎಲೆಯೊಂದಕ್ಕೆ 250 ರೂಪಾಯಿ ಹಿಡಿದರೆ 37,500 ಆಯಿತು. ಹಿಂದಿನ ರಾತ್ರಿಯ ಆರತಕ್ಷತೆಗೆ ಅವರಲ್ಲಿ ಅರ್ಧದಷ್ಟು ಜನ ಬಂದರೂ ಮತ್ತೆ 18,750. ತಾಂಬೂಲದ ಚೀಲ ಬೇರೆ. ತುಮಕೂರು ಕಲ್ಪತರು ನಾಡೆಂಬ ಹೆಸರು ಹೊತ್ತಿರುವುದರಿಂದ ಇಲ್ಲಿ ತೆಂಗಿನಕಾಯಿ ಇಲ್ಲದ ತಾಂಬೂಲವನ್ನು ಕೊಡುವುದೆಂದರೆ ಮರ್ಯಾದೆಯ ಪ್ರಶ್ನೆ. ತೋಟವುಳ್ಳವರಿಗೆ ಅದು ಹಿತ್ತಿಲ ಸರಕು. ಸಂಬಳದ ಮೇಲೆ ಬದುಕುವ ನಗರದವರು ಕಾಯಿಯನ್ನು ಕೊಂಡೇ ತರಬೇಕು. ಕಾಯಿಗೆ 40ರಂತೆ 6,000. ಸಾವಿರ ರೂಪಾಯಿಯ ಉದಾರತೆಗೆ ತೆತ್ತ ಬೆಲೆ ಅರುವತ್ತು ಸಾವಿರವನ್ನು ಮೀರಿತು! ಅಷ್ಟು ಜನ ಹಿಡಿಸದೆಂದು ದೊಡ್ಡ ಮಂಟಪವನ್ನು ಗೊತ್ತುಮಾಡಿದರಂತೂ ಬಾಡಿಗೆ, ಹೂವಿನ ಅಲಂಕಾರ, ವಿದ್ಯುತ್ತು, ಬಡಿಸುವವರ ಕೂಲಿ, ಎಲ್ಲವೂ ಒಂದೊಂದು ಮೆಟ್ಟಿಲು ಮೇಲೇರುತ್ತವೆ.

ಆದುದರಿಂದ ಬುದ್ಧಿವಂತರಾದ ಗೃಹಿಣಿಯರು ಮಂಟಪವನ್ನು ನೋಡಲು ಹೋಗುವುದಕ್ಕೆ ಮೊದಲೇ ಹೆಸರುಗಳ ಪಟ್ಟಿಯನ್ನು ಬರೆದಿಡುತ್ತಾರೆ. ಮಂಟಪವನ್ನು ನೋಡಿ ಪಟ್ಟಿಯನ್ನು ಬರೆದರೆ, ಖಾಲಿ ಕುರ್ಚಿಗಳು ಹೆಸರುಗಳನ್ನು ತಾವೇ ಕರೆಯತೊಡಗುತ್ತವೆ.

ಊರಿಗೆ ಊರನ್ನೇ ಕರೆಯುವ ಪದ್ಧತಿ ಹಿಂದೆಯೂ ಇದ್ದಿತಲ್ಲವೇ ಎಂದು ಹಿರಿಯರು ಕೇಳುವುದುಂಟು. ನಿಜ, ಇದ್ದಿತು. ಆದರೆ ಆ ಮದುವೆ ಮನೆಯ ಮುಂದಿನ ಚಪ್ಪರದಲ್ಲಿ ನಡೆಯುತ್ತಿತ್ತು. ಚಪ್ಪರದ ಗಳುವನ್ನು ನೆರೆಯವರು ತರುತ್ತಿದ್ದರು, ತರಕಾರಿಯನ್ನು ಓಣಿಯ ಹೆಂಗಸರು ಹೆಚ್ಚುತ್ತಿದ್ದರು, ಪಾತ್ರೆಗಳು ಹತ್ತು ಮನೆಗಳಿಂದ ಬಂದು ಹತ್ತು ಮನೆಗಳಿಗೆ ಹಿಂದಿರುಗುತ್ತಿದ್ದುವು. ಕರೆಸಿಕೊಂಡವರೇ ದುಡಿಯುತ್ತಿದ್ದುದರಿಂದ ಜನ ಹೆಚ್ಚಿದಷ್ಟೂ ಕೈಗಳೂ ಹೆಚ್ಚುತ್ತಿದ್ದುವು. ಇಂದು ಆ ಕೈಗಳಿಗೆಲ್ಲ ಕೂಲಿ ಕೊಡಬೇಕಾಗಿದೆ. ಕರೆಯುವ ಪದ್ಧತಿ ಮಾತ್ರ ಹಾಗೆಯೇ ಉಳಿದಿದೆ. ಮಾತಿನಲ್ಲಿಯೂ ಇದರ ಗುರುತು ಸಿಕ್ಕುತ್ತದೆ. ಮದುವೆಯ ಮಂಟಪವನ್ನು ನಮ್ಮವರು ಈಗಲೂ ‘ಛತ್ರ’ವೆನ್ನುತ್ತಾರೆ. ಗುಬ್ಬಿಯ ತೋಟದಪ್ಪನವರು ಬೆಂಗಳೂರಿನ ರೈಲು ನಿಲ್ದಾಣದ ಬಳಿ ಕಟ್ಟಿಸಿ, 1903ರಲ್ಲಿ ಬಾಗಿಲು ತೆರೆದದ್ದು ದಾರಿಹೋಕರಿಗಾಗಿ, ಅದು ಧರ್ಮಛತ್ರ. ಇಂದಿನ ಛತ್ರದಲ್ಲಿ ಹೆಸರಿನ ಮೊದಲ ಭಾಗ ಬಿದ್ದುಹೋಗಿದೆ.

ಇನ್ನು ಮುಯ್ಯಿಯ ಮಾತು. ಬಾಗಿಲ ಬಳಿ ಮೇಜು ಹಾಕಿ, ಪುಸ್ತಕ ತೆರೆದು, ಯಾರು ಎಷ್ಟು ಓದಿಸಿದರೆಂದು ಬರೆದುಕೊಳ್ಳುವ ಈ ರೂಢಿ ಒಂದು ಕಾಲದಲ್ಲಿ ಬಡವರ ಬ್ಯಾಂಕಾಗಿದ್ದಿತೆಂದರೆ ತಪ್ಪಾಗದು. ಹತ್ತು ಮನೆಯವರು ಒಂದು ಮನೆಯ ಭಾರವನ್ನು ಹೊತ್ತು, ಸರದಿಯಂತೆ ಹಿಂದಕ್ಕೆ ಪಡೆಯುತ್ತಿದ್ದರು. “ಮುಯ್ಯಿ ಬರುತ್ತದೆ, ಅಡಿಗೆಯವನ ಬಾಕಿ ತೀರುತ್ತದೆ” ಎಂದು ನಂಬಿ ಅಂದಾಜು ಹಾಕುವವರು ಈಗಲೂ ಇದ್ದಾರೆ. ಆದರೆ ಮುಯ್ಯಿ ಆದಾಯವಲ್ಲ, ಬಡ್ಡಿಯಿಲ್ಲದ ಸಾಲ. ಪುಸ್ತಕದಲ್ಲಿರುವ ಪ್ರತಿಯೊಂದು ಹೆಸರೂ ಮುಂದೊಂದು ದಿನ ಆಹ್ವಾನಪತ್ರಿಕೆಯಾಗಿ ಮನೆಗೆ ಬರುತ್ತದೆ. ಅದೂ ಅಲ್ಲದೆ ಈಚೆಗೆ ‘ಉಡುಗೊರೆಗಳಿಗೆ ಅವಕಾಶವಿಲ್ಲ’ ಎಂದು ಪತ್ರಿಕೆಯಲ್ಲಿ ಅಚ್ಚು ಹಾಕಿಸುವುದು ನಾಗರಿಕತೆಯ ಲಕ್ಷಣವಾಗಿದೆ. ಹಾಗೆ ಹಾಕಿಸಿ, ಮನಸ್ಸಿನಲ್ಲಿ ಮುಯ್ಯಿಯನ್ನು ಎಣಿಸುವವರ ಸ್ಥಿತಿ ನಗೆಗೂ ಮರುಕಕ್ಕೂ ಸಮನಾಗಿ ಪಾತ್ರವಾಗಿದೆ.

ಚಿನ್ನದ ವಿಷಯದಲ್ಲಿ ಒಂದು ಎಚ್ಚರಿಕೆ ಸಾಕು. ಅದನ್ನು ರೂಪಾಯಿಯಲ್ಲಿ ಅಲ್ಲ, ತೂಕದಲ್ಲಿ ನಿಶ್ಚಯಿಸಬೇಕು. ಕರ್ನಾಟಕ ಸರ್ಕಾರ 2020ರಲ್ಲಿ ಮುಜರಾಯಿ ದೇವಾಲಯಗಳಲ್ಲಿ ‘ಸಪ್ತಪದಿ’ ಎಂಬ ಸರಳ ವಿವಾಹದ ಯೋಜನೆಯನ್ನು ಸಾರಿದಾಗ, ವಧುವಿನ ಮಾಂಗಲ್ಯಕ್ಕೆ 8 ಗ್ರಾಂ ಚಿನ್ನವೆಂದೂ ಅದರ ಬೆಲೆ ಸುಮಾರು 40,000 ರೂಪಾಯಿಯೆಂದೂ ಗೊತ್ತುಮಾಡಿತ್ತು. ವಧುವಿಗೆ 10,000, ವರನಿಗೆ 5,000 ಸೇರಿ ಒಟ್ಟು 55,000. 2025ರಲ್ಲಿ ಅಪರಂಜಿಯ ಬೆಲೆ ಹತ್ತು ಗ್ರಾಮಿಗೆ ಒಂದು ಲಕ್ಷವನ್ನು ದಾಟಿತು. ಅದೇ 8 ಗ್ರಾಮಿಗೆ 80,000ಕ್ಕೂ ಮಿಗಿಲು. ಇಡೀ ಯೋಜನೆಯ ಹಣ ಮಾಂಗಲ್ಯಕ್ಕೇ ಸಾಲದು. ಮಗಳು ಕಾಲೇಜು ಸೇರಿದ ವರ್ಷ ‘ಒಡವೆಗೆ ಎರಡು ಲಕ್ಷ’ ಎಂದು ಬರೆದಿಟ್ಟ ತಂದೆಯ ಪಾಡು ಇದಕ್ಕಿಂತ ಬೇರೆಯಲ್ಲ.

ಈ ಎಲ್ಲ ಅಂಕಿಗಳ ಹಿಂದೆ ಒಂದು ಅನ್ಯಾಯವೂ ಅಡಗಿದೆ. ಎಲೆಗಳನ್ನು ಹೆಚ್ಚಿಸುವವರು ಇಬ್ಬರು. ಹಣ ಕೊಡುವವರು ಬಹುತೇಕ ಒಬ್ಬರೇ. ವರದಕ್ಷಿಣೆಯನ್ನು ನಿಷೇಧಿಸುವ ಕಾಯಿದೆ 1961ರಲ್ಲಿಯೇ ಬಂದಿತು. ವಧೂವರರಿಗೆ ಬಂದ ಕೊಡುಗೆಗಳ ಪಟ್ಟಿಯನ್ನು ಬರೆದಿಡಬೇಕೆಂಬ ನಿಯಮ 1985ರಲ್ಲಿ ಬಂದಿತು. ಆದರೂ “ನಮಗೇನೂ ಬೇಡ, ಮದುವೆಯನ್ನು ಮಾತ್ರ ಚೆನ್ನಾಗಿ ಮಾಡಿಕೊಡಿ” ಎಂಬ ವಾಕ್ಯ ಯಾವ ಪಟ್ಟಿಗೂ ಸಿಕ್ಕುವುದಿಲ್ಲ. ಆ ‘ಚೆನ್ನಾಗಿ’ ಎಂಬ ಒಂದು ಪದದಲ್ಲಿ ಕುಣಿಗಲಿನಿಂದ ಬರುವ ಮೂರು ಬಸ್ಸುಗಳೂ ತಂಗಲು ಕೋಣೆಗಳೂ ಬೆಳಗಿನ ಉಪಾಹಾರವೂ ಸೇರಿರುತ್ತವೆ. ಹೆಣ್ಣು ಹೆತ್ತವರು ಬಾಯಿಬಿಟ್ಟು ಏನನ್ನೂ ಕೇಳಲಾರರು. ಕೊನೆಗೆ ಹಣ ಹುಟ್ಟುವುದು ತಾಯಿಯ ಬಳೆಗಳ ಅಡವಿನಿಂದ, ಇನ್ನೂ ಕೊಯ್ಯದ ಅಡಕೆಯ ಮೇಲಿನ ಮುಂಗಡದಿಂದ, ಇಲ್ಲವೇ ಕಿರಿಯ ಮಗಳ ಓದಿಗೆಂದು ಕಟ್ಟಿದ ಚೀಟಿಯಿಂದ. ಅಕ್ಕನ ಆರತಕ್ಷತೆಗಾಗಿ ತಂಗಿಯ ಪದವಿ ಒಂದು ವರ್ಷ ಮುಂದಕ್ಕೆ ಹೋದರೆ, ಆ ಖರ್ಚನ್ನು ಯಾವ ಚೀಟಿಯಲ್ಲಿ ಬರೆಯಬೇಕು?

ಹಾಗೆ ಖರ್ಚಾದ ಅನ್ನವೆಲ್ಲ ಹೊಟ್ಟೆಗೆ ಸೇರುತ್ತದೆಯೇ ಎಂದರೆ ಅದೂ ಇಲ್ಲ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಆ ನಗರದ 75 ಕಲ್ಯಾಣಮಂಟಪಗಳನ್ನು ಪರಿಶೀಲಿಸಿ, ಮದುವೆಗಳಲ್ಲಿ ವರ್ಷಕ್ಕೆ 943 ಟನ್ನು ಒಳ್ಳೆಯ ಆಹಾರ ವ್ಯರ್ಥವಾಗುತ್ತದೆಂದು 2012ರಲ್ಲಿ ಅಂದಾಜು ಮಾಡಿದರು. ಎಲೆಯ ತುಂಬ ಬಡಿಸಿ, ಅರ್ಧ ಬಿಡುವುದನ್ನೇ ಉಪಚಾರವೆಂದು ತಿಳಿದಿರುವವರೆಗೆ ಈ ಅಂಕಿ ಇಳಿಯುವಂತಿಲ್ಲ.

ಬೇರೆ ದಾರಿಗಳು ಇಲ್ಲದೆ ಇಲ್ಲ. 1966ರಲ್ಲಿ ಕುವೆಂಪು ಅವರು ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ವಿವಾಹವನ್ನು ಆಡಂಬರವಿಲ್ಲದೆ ನೆರವೇರಿಸಿದರು; ‘ಮಂತ್ರ ಮಾಂಗಲ್ಯ’ದ ಕ್ರಮವನ್ನು ಇಂದಿಗೂ ಅನುಸರಿಸುವವರಿದ್ದಾರೆ. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹಗಳು ನಡೆಯುತ್ತ ಬಂದಿವೆ. ಅಷ್ಟು ದೂರವೇಕೆ, ಕುಣಿಗಲು ತಾಲ್ಲೂಕಿನ ಎಡೆಯೂರಿನಲ್ಲಿ ಸಿದ್ಧಲಿಂಗೇಶ್ವರನ ಸನ್ನಿಧಿಯಲ್ಲಿ ತಾಳಿ ಕಟ್ಟಿಸಿ, ಹತ್ತಿರದವರೊಡನೆ ಉಂಡು ಸಂಜೆಗೆ ಮನೆ ಸೇರುವ ಕುಟುಂಬಗಳೂ ಇವೆ. ಆದರೆ ದೇವಸ್ಥಾನದಲ್ಲಿ ಸರಳವಾಗಿ ಮದುವೆ ಮಾಡಿ, ವಾರದ ಮೇಲೆ ತುಮಕೂರಿನ ದೊಡ್ಡ ಸಭಾಂಗಣದಲ್ಲಿ ಸಾವಿರ ಜನರಿಗೆ ಆರತಕ್ಷತೆ ಇಟ್ಟುಕೊಳ್ಳುವ ಹೊಸ ಜಾಣತನಕ್ಕೆ ಸರಳತೆ ಎಂಬ ಹೆಸರು ಒಪ್ಪುವುದಿಲ್ಲ.

ಛತ್ರದಲ್ಲಿಯೇ ಮಾಡಬೇಕೆನ್ನುವವರು ಮುಂಗಡ ಕೊಡುವ ದಿನವೇ ವಿದ್ಯುತ್ತು, ಅನಿಲ, ಜನರೇಟರು, ಸ್ವಚ್ಛತೆ ಇವೆಲ್ಲ ಬಾಡಿಗೆಯಲ್ಲಿ ಸೇರಿವೆಯೇ ಎಂಬುದನ್ನು ಬರೆಸಿಕೊಳ್ಳುವುದು ಒಳ್ಳೆಯದು. ಒಟ್ಟು ಹಣದ ಹತ್ತನೆಯ ಒಂದು ಭಾಗವನ್ನು ಯಾವ ಬಾಬ್ತಿಗೂ ಹಂಚದೆ ಇರಿಸಬೇಕು. ಹಣದ ಚೀಲ ಒಬ್ಬರ ಕೈಯಲ್ಲಿಯೇ ಇರಬೇಕು. ಮಾವಂದಿರು, ಭಾವಂದಿರು ತಮಗೆ ತೋಚಿದಂತೆ ಕೊಟ್ಟು ಆಮೇಲೆ ಲೆಕ್ಕ ಒಪ್ಪಿಸುವ ಮದುವೆಗಳಲ್ಲಿ ಲೆಕ್ಕ ಎಂದಿಗೂ ಒಪ್ಪಿಗೆಯಾಗುವುದಿಲ್ಲ. ಎಲೆಗಳ ಸಂಖ್ಯೆಯನ್ನು ಗೊತ್ತುಮಾಡುವುದಕ್ಕಾದರೋ ನಮ್ಮ ಸಂಪ್ರದಾಯದಲ್ಲಿಯೇ ಒಂದು ಹೊತ್ತು ಇದೆ. ಲಗ್ನಪತ್ರಿಕೆಯ ದಿನ ಎರಡೂ ಕಡೆಯ ಹಿರಿಯರು ಎದುರುಬದುರಾಗಿ ಕುಳಿತಿರುತ್ತಾರೆ. ತಿಥಿ, ನಕ್ಷತ್ರ, ಮುಹೂರ್ತಗಳನ್ನು ಪುರೋಹಿತರು ಬರೆಯುತ್ತಿರುತ್ತಾರೆ. ಹೆಣ್ಣಿನವರಿಗೆ ಇಷ್ಟು ಎಲೆ, ಗಂಡಿನವರಿಗೆ ಇಷ್ಟು ಎಲೆ, ಮೀರಿದ್ದಕ್ಕೆ ಕರೆದವರೇ ಹೊಣೆ ಎಂಬ ಒಂದು ಸಾಲನ್ನು ಬೇರೊಂದು ಹಾಳೆಯಲ್ಲಿ ಅದೇ ಲೇಖನಿಯಿಂದ ಬರೆದುಕೊಳ್ಳಲು ಐದು ನಿಮಿಷವೂ ಬೇಕಾಗದು. ಈ ಮಾತನ್ನು ಗಂಡಿನ ಕಡೆಯವರೇ ಮೊದಲು ಎತ್ತಿದರೆ ಅದು ಇನ್ನೂ ಸುಲಭ.