ವಾರಂಟಿ ಮುಗಿಯಿತು, ಗೇರ್‌ಬಾಕ್ಸೂ ಮುಗಿಯಿತು

ನನ್ನ ಆಟೋಮ್ಯಾಟಿಕ್ ಕಾರಿನ ಮೂರು ವರ್ಷದ ವಾರಂಟಿ ಮುಗಿದು ಎರಡೇ ತಿಂಗಳಿಗೆ, ಸಿಲ್ಕ್ ಬೋರ್ಡ್ ಹತ್ತಿರ ಗಾಡಿ ಜರ್ಕ್ ಹೊಡೆದು ನಿಂತೇಹೋಯ್ತು. ಸರ್ವಿಸ್ ಸೆಂಟರಿನ ಅಂದಾಜು 1.8 ಲಕ್ಷ ರೂಪಾಯಿ. ಜೊತೆಗೊಂದು ಸಮಜಾಯಿಷಿ: "ಟ್ರಾಫಿಕ್‌ನಲ್ಲಿ ಓಡ್ಸಿದ್ರೆ ಹೀಗೇ ಸರ್."

ಟ್ರಾಫಿಕ್ ಇರೋ ಊರಲ್ಲೇ ಮಾರಿ, ಟ್ರಾಫಿಕ್‌ನಲ್ಲಿ ಓಡಿಸಿದ್ದೇ ತಪ್ಪು ಅಂದ್ರೆ ಹೇಗೆ?

ಮೆಕ್ಯಾನಿಕಲ್ ಓದಿದ ತಪ್ಪಿಗೆ ಸುಮ್ಮನಿರಲಾಗಲಿಲ್ಲ. ಇದು ಡ್ರೈ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್. ಗಾಡಿ ತೆವಳುವಾಗ ಕ್ಲಚ್ ಪೂರ್ತಿ ಕಚ್ಚದೆ ಜಾರುತ್ತದೆ, ಉಜ್ಜಿ ಉಜ್ಜಿ ಕಾಯುತ್ತದೆ. ವೆಟ್ ಕ್ಲಚ್‌ನಲ್ಲಿ ಆ ಶಾಖವನ್ನು ಎಣ್ಣೆ ಹೊತ್ತೊಯ್ಯುತ್ತದೆ. ಇಲ್ಲಿ ಗಾಳಿಯೇ ಗತಿ. ಇದು ವಿನ್ಯಾಸದ ಆಯ್ಕೆ, ನನ್ನ ಡ್ರೈವಿಂಗ್ ಅಲ್ಲ.

ವಾರಂಟಿ ಕಂಪನಿಯ ಮಾತು. ಅದು ಮುಗಿದರೆ ಕಾನೂನೂ ಮುಗಿಯಿತು ಅಂತಲ್ಲ. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 'ಉತ್ಪನ್ನ ಹೊಣೆಗಾರಿಕೆ' ಅಧ್ಯಾಯ ನೋಡಿ ಖುಷಿಪಡಬೇಡಿ: ಕಾರಿಗೇ ಆದ ಹಾನಿ ಅದರಲ್ಲಿ ಬರಲ್ಲ. ಹಿಡಿಯಬೇಕಾದ್ದು 'ದೋಷವಿರುವ ಸರಕು' ಅನ್ನುವ ದಾರಿ. ದೂರಿಗೆ ಕಾರಣ ಹುಟ್ಟಿದ 2 ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ಹೋಗಬೇಕು. ದೋಷ ಮೊದಲೇ ಇತ್ತು ಅಂತ ತೋರಿಸೋದೇ ಕಷ್ಟದ ಕೆಲಸ.

ಎರಡನೇ ಸರ್ವಿಸಿನಲ್ಲೇ ಜರ್ಕ್ ಬಗ್ಗೆ ಬರೆಸಿದ್ದ ಜಾಬ್ ಕಾರ್ಡ್ ನನ್ನ ಹತ್ತಿರ ಇದೆ. ಪಕ್ಕದಲ್ಲಿ ಅವರದೇ ಅಕ್ಷರ: 'ನಾರ್ಮಲ್'. ಪ್ರಯೋಗಾಲಯದ ಪರೀಕ್ಷೆಗೆ ಬೇಕಾದೀತೆಂದು ಹಳೇ ಕ್ಲಚ್ ವಾಪಸ್ ಕೇಳಿದೆ.

"ಅದ್ಯಾಕೆ ಸರ್, ಗುಜರಿಗೆ ಹಾಕ್ತೀವಿ" ಅಂದ್ರು.