ಶುಕ್ರನ ಮಳೆ ನೆಲ ಮುಟ್ಟುವುದಿಲ್ಲ!

ನಿಮಗಿದು ಗೊತ್ತೆ? ಬೆಳ್ಳಿಚುಕ್ಕಿಯಾಗಿ ನಮಗೆ ಕಾಣುವ ಶುಕ್ರ ಗ್ರಹದಲ್ಲೂ ಮೋಡವಿದೆ, ಮಳೆಯಿದೆ. ಸುರಿಯುವುದು ಮಾತ್ರ ನೀರಲ್ಲ, ಸಲ್ಫ್ಯೂರಿಕ್ ಆಮ್ಲ. ಅದರ ಒಂದು ಹನಿಯೂ ನೆಲ ತಲುಪುವುದಿಲ್ಲ. ಕೆಳಗಿನ ಕಾವಿಗೆ ನಡುದಾರಿಯಲ್ಲೇ ಆವಿಯಾಗಿಬಿಡುತ್ತದೆ.

ನೆಲದ ಮೇಲಿನ ಉಷ್ಣಾಂಶ ಸುಮಾರು 465 ಡಿಗ್ರಿ ಸೆಲ್ಸಿಯಸ್, ಸೀಸವೂ ಕರಗುವಷ್ಟು. ಸೂರ್ಯನಿಗೆ ಇನ್ನೂ ಹತ್ತಿರವಿರುವ ಬುಧನಿಗಿಂತಲೂ ಹೆಚ್ಚು! ಶೇ 96ರಷ್ಟು ಇಂಗಾಲದ ಡೈಆಕ್ಸೈಡ್ ತುಂಬಿದ ದಟ್ಟ ವಾಯುಮಂಡಲ ಶಾಖವನ್ನು ಹೊರಬಿಡದೆ ಹಿಡಿದಿಟ್ಟಿರುವುದೇ ಇದಕ್ಕೆ ಕಾರಣ. 1982ರಲ್ಲಿ ಅಲ್ಲಿಳಿದ ಸೋವಿಯತ್ ನೌಕೆ ವೆನೆರಾ-13 ಎರಡು ಗಂಟೆ ಏಳು ನಿಮಿಷ ಕೆಲಸ ಮಾಡಿದ್ದೇ ದೊಡ್ಡ ಸಾಧನೆ. ಗಾಳಿಯದು ಇನ್ನೊಂದು ಸೋಜಿಗ. ಗ್ರಹ ತನ್ನ ಸುತ್ತ ತಾನು ತಿರುಗಲು ನಮ್ಮ 243 ದಿನ ತೆಗೆದುಕೊಂಡರೆ, ಮೇಲ್ಪದರದ ಮೋಡಗಳು ಸುಮಾರು ನಾಲ್ಕೇ ದಿನಗಳಲ್ಲಿ ಅದನ್ನು ಸುತ್ತಿ ಬರುತ್ತವೆ.

ಆದರೆ 50ರಿಂದ 55 ಕಿ.ಮೀ. ಎತ್ತರದಲ್ಲಿ ಒತ್ತಡವೂ ಉಷ್ಣಾಂಶವೂ ಭೂಮಿಯದಕ್ಕೆ ಹತ್ತಿರ. ಆ ಮೋಡಗಳಲ್ಲಿ ಜೀವಿಗಳಿರಬಹುದೇ ಎಂಬ ಪ್ರಶ್ನೆಯನ್ನು ವಿಜ್ಞಾನಿಗಳಾದ ಕಾರ್ಲ್ ಸೇಗನ್ ಮತ್ತು ಹೆರಾಲ್ಡ್ ಮೊರೊವಿಟ್ಜ್ 1967ರಲ್ಲೇ ಎತ್ತಿದ್ದರು. 2020ರಲ್ಲಿ ಅಲ್ಲಿ ಫಾಸ್ಫೀನ್ ಅನಿಲದ ಸುಳಿವು ಸಿಕ್ಕಿದೆ ಎಂಬ ವರದಿ ಬಂದಾಗ ಆಸೆ ಚಿಗುರಿತು. ಭೂಮಿಯಲ್ಲಿ ಈ ಅನಿಲಕ್ಕೂ ಕೆಲವು ಸೂಕ್ಷ್ಮಜೀವಿಗಳಿಗೂ ನಂಟಿದೆ. ವರದಿಯ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತ ಮೂಡಿಲ್ಲ. ನೀರಿನ ಅಭಾವವಂತೂ ಜೀವಕ್ಕೆ ದೊಡ್ಡ ಅಡ್ಡಿ. ಹಾಗೆಂದು ಹುಡುಕಾಟ ಕೈಬಿಡುವಂಥದ್ದಲ್ಲ. ಇಸ್ರೊದ ಶುಕ್ರಯಾನಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿದ್ದು, ನೌಕೆ ಕಕ್ಷೆಯಿಂದಲೇ ಗ್ರಹದ ನೆಲ ಮತ್ತು ವಾಯುಮಂಡಲವನ್ನು ಅಧ್ಯಯನ ಮಾಡಲಿದೆ.